ಮಾವನ ಪಾಲಿನ ಬೆಲ್ಲ ನೀರು

ಓಲೆಬೆಲ್ಲದ ವಾಸನೆಗೆ ಬೇರೆಯವರಿಗೆ ಬಾಯಲ್ಲಿ ನೀರು ಬರುತ್ತದೆ. ನನಗೆ ಹೊಟ್ಟೆ ಉಬ್ಬರಿಸುತ್ತದೆ. ಮೊನ್ನೆ ತಂಗಿಯ ಮದುವೆಗೆ ಹೇಳಿಕೆ ಕೊಡಲು ವೇಣೂರಿನ ಆಚೆ ಒಂದು ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಕೂತ ಕೂಡಲೇ ಆ ಮನೆಯ ಸೊಸೆ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೆಂಬಿನಲ್ಲಿ ನೀರು ತಂದಿಟ್ಟಳು. ತಾಳೆಗರಿಯಲ್ಲಿ ಸುತ್ತಿಟ್ಟ ಆ ಕಪ್ಪು ಬೆಲ್ಲಕ್ಕೆ ಒಂದು ಹೊಗೆ ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ಚುನಾವಣೆಯ ಆ ವರ್ಷ ನೆನಪಾಯಿತು. ಆ ಚಳಿಗಾಲದಲ್ಲಿ ನಾನು ಕುಡಿದಷ್ಟು ನೀರನ್ನು ನಮ್ಮ ಕೋಣಗಳೂ ಕುಡಿದಿರಲಿಕ್ಕಿಲ್ಲ. ಅಷ್ಟೂ ಮಾವನ ಪಾಲಿನದ್ದು.

ರಾಜ್ಯ ಒಂದಾದ ಮೇಲಿನ ಎರಡನೆಯ ಚುನಾವಣೆ ಅದು. ಮೊದಲೆಲ್ಲ ನಮ್ಮ ಕಡೆಯಿಂದ ಗೆದ್ದವರು ಮದರಾಸಿಗೆ ಹೋಗುತ್ತಿದ್ದರು, ಆಮೇಲೆ ಬೆಂಗಳೂರಿಗೆ ಹೋಗತೊಡಗಿದರು. ನಾನು ಎರಡನ್ನೂ ನೋಡಿರಲಿಲ್ಲ. ಮಳೆಗಾಲದ ಬೆಳೆ ಕೊಯ್ದು ಭತ್ತ ಒಳಗೆ ಬಂದಿತ್ತು. ಎರಡನೆಯ ಬೆಳೆಗೆ ಗದ್ದೆ ಉಳುತ್ತಿದ್ದೆ. ಬೆಳಿಗ್ಗೆ ಮಂಜು, ಹೊತ್ತು ಏರಿದರೆ ತಲೆ ಸುಡುವ ಬಿಸಿಲು. ಅಂಥ ಒಂದು ದಿನ ಮೂಡುಬಿದಿರೆ ಕಡೆಯಿಂದ ಕೆಂಪು ಧೂಳು ಎಬ್ಬಿಸಿಕೊಂಡು ಒಂದು ಜೀಪು ಬಂದು ನಮ್ಮ ಅಂಗಳದಲ್ಲಿ ನಿಂತಿತು. ಇಳಿದವರು ಬಂಟ್ವಾಳದ ವಕೀಲ ರಾಯರು. ಪಕ್ಷದ ಕೆಲಸ ನಮ್ಮ ಕಡೆ ಅವರ ಕೈಯಲ್ಲಿತ್ತು.

"ನಮ್ಮ ಕ್ಷೇತ್ರಕ್ಕೆ ನಿಮ್ಮಂಥವರೇ ಆಗಬೇಕು," ಎಂದು ರಾಯರು ಮಾವನಿಗೆ ಹೇಳಿದರು. "ನೀವು ಹೂಂ ಅಂದರೆ ಸಾಕು. ಬಾಕಿ ಎಲ್ಲ ನಾವು ನೋಡಿಕೊಳ್ತೇವೆ."

ಮಾವ ಎಂದರೆ ನನ್ನ ಅಮ್ಮನ ಅಣ್ಣ, ನಮ್ಮ ಗುತ್ತಿನ ಮನೆಯ, ಎಂದರೆ ಊರಿನ ದೊಡ್ಡ ಮನೆತನದ, ಯಜಮಾನರು. ನಮ್ಮಲ್ಲಿ ಆಸ್ತಿಯೂ ಯಜಮಾನಿಕೆಯೂ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಹಾಗಾಗಿ ಮಾವನ ನಂತರ ನಾನು. ಮಾವನ ಅಕ್ಕತಂಗಿಯರಿಗೆ ಬೇರೆ ಗಂಡುಮಕ್ಕಳು ಇಲ್ಲ. ಮಾವ ಗಡಿ ಹಿಡಿದವರು. ಗಡಿ ಹಿಡಿಯುವುದೆಂದರೆ ಮನೆತನದ ದೈವದ ಎದುರು, ಊರಿನವರ ಎದುರು, ಪಟ್ಟಕ್ಕೆ ಕೂರುವುದು. ಕೂತವರಿಗೆ ನಮ್ಮ ಮನೆಯ ಕಟ್ಟು ಗಟ್ಟಿ. ಬೇರೆಯವರ ಮನೆಯಲ್ಲಿ ಅನ್ನ ಇಲ್ಲ, ನೀರು ಇಲ್ಲ. ಮೀನು ಇಲ್ಲ, ಮಾಂಸ ಇಲ್ಲ. ಕೋಳಿ ಅಂಕಕ್ಕೆ, ಎಂದರೆ ಹುಂಜಗಳ ಕಾಳಗಕ್ಕೆ, ಹೋಗುವ ಹಾಗಿಲ್ಲ. ನೇಗಿಲು ಮುಟ್ಟುವ ಹಾಗಿಲ್ಲ. ಬೇಸರ ಬಂತೆಂದು ಇಳಿಯುವ ಹಾಗೂ ಇಲ್ಲ. ಊರು ಬಿಡಲೇಬೇಕಾದರೆ ಮಾತ್ರ ದೈವದ ಒಪ್ಪಿಗೆ ಪಡೆದು ಗಡಿಯನ್ನು ಅಳಿಯನಿಗೆ ದಾಟಿಸಬಹುದು.

"ಗೆದ್ದರೆ ಬೆಂಗಳೂರಿಗೆ ಹೋಗ್ಬೇಕಾಗ್ತದೆ," ಎಂದರು ಮಾವ. "ಹೋದರೆ ಗಡಿ ಸಂಜೀವನಿಗೆ."

ಸಂಜೀವ ಎಂದರೆ ನಾನು. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ, ಮೊಣಕಾಲಿನವರೆಗೆ ಕೆಸರು. ನನ್ನನ್ನು ಯಾರೂ ಕೇಳಲಿಲ್ಲ.

ನನಗೆ ಆಗ ಇಪ್ಪತ್ತಾರು. ಬೆಳಿಗ್ಗೆ ಕೋಣ ಕಟ್ಟಿ ಉಳುವುದು, ಭತ್ತದ ಮೂಟೆ ಹೇರಿಕೊಂಡು ಬಂಟ್ವಾಳದ ಮಿಲ್ಲಿಗೆ ಹೋಗುವುದು, ಅಲ್ಲಿ ಪೇಟೆಯ ಹೋಟೆಲಿನಲ್ಲಿ ಬೂತಾಯಿ ಮೀನಿನ ಸಾರಿನಲ್ಲಿ ಊಟ ಹೊಡೆಯುವುದು, ಬೇಸಗೆಯಲ್ಲಿ ಕೋಳಿ ಅಂಕ. ಇಷ್ಟೇ ನನ್ನ ಬದುಕು, ನನಗೆ ಇಷ್ಟೇ ಬೇಕು. ಇದನ್ನೆಲ್ಲ ಬಿಟ್ಟು ಬಿಳಿ ಮುಂಡಾಸು ಸುತ್ತಿ ಚಾವಡಿಯಲ್ಲಿ ಕೂರುವುದೆಂದರೆ ನನಗೆ ಜೈಲು. ಮಾವ ಗೆದ್ದರೆ ನಾನು ಒಳಗೆ. ಅಷ್ಟು ಸಲೀಸಾದ ಲೆಕ್ಕ.

ಮಾವನಿಗೆ ಆಸೆ ಇತ್ತು. ಇಲ್ಲದಿದ್ದರೆ ಅವರು ರಾಯರಿಗೆ ಎರಡನೆಯ ಸಲ ಕಾಫಿ ತರಿಸುತ್ತಿರಲಿಲ್ಲ. ಅಜ್ಜಿ, ಎಂದರೆ ಮಾವನ ತಾಯಿ, ಒಳಗಿನಿಂದಲೇ ಕೇಳಿದರು, "ಗಡಿ ಈಗಲೇ ಬಿಟ್ಟು ನಿಲ್ಲಬಾರದಾ?"

"ಈಗ ಬಿಟ್ಟು ಆಮೇಲೆ ಸೋತರೆ? ಗಡಿಯೂ ಇಲ್ಲ, ಖುರ್ಚಿಯೂ ಇಲ್ಲ."

"ಎರಡು ದೋಣಿಗೆ ಕಾಲಿಡುವವ ಹೊಳೆಗೇ ಬೀಳುವುದು," ಎಂದರು ಅಜ್ಜಿ.

ರಾಯರು ನಕ್ಕು ಮಾತು ತಪ್ಪಿಸಿದರು. "ನಾಮಪತ್ರಕ್ಕೆ ಇನ್ನೂ ಸಮಯ ಉಂಟು. ಮೊದಲು ಒಮ್ಮೆ ಊರು ಸುತ್ತುವ. ಜನ ಏನು ಹೇಳ್ತಾರೆ ನೋಡಿ ಆಮೇಲೆ ನಿಶ್ಚಯ ಮಾಡುವ."

ಹಾಗೆ ಸುತ್ತಾಟ ಶುರುವಾಯಿತು. ಜೀಪಿನಲ್ಲಿ ಎದುರಿಗೆ ಮಾವ, ಹಿಂದೆ ರಾಯರು ಮತ್ತು ನಾನು. ದಾರಿ ತೋರಿಸಲು ನಾನು ಬೇಕಿತ್ತು. ಯಾವ ಗುಡ್ಡದ ಹಿಂದೆ ಯಾರ ಮನೆ ಎಂದು ಮಾವನಿಗೆ ಗೊತ್ತಿರಲಿಲ್ಲ. ಅವರ ಹತ್ತಿರ ಜನ ಬರುತ್ತಿದ್ದರು, ಅವರು ಜನರ ಹತ್ತಿರ ಹೋದವರಲ್ಲ.

ಮೊದಲನೆಯ ಮನೆಯಲ್ಲೇ ಸಿಕ್ಕಿಬಿದ್ದೆವು. ನಮ್ಮ ಕಡೆ ಯಾರು ಮನೆಗೆ ಬಂದರೂ ಮೊದಲು ಬೆಲ್ಲ ನೀರು. ವಿಷಯ ಆಮೇಲೆ. ನೀರು ಮುಟ್ಟದೆ ಎದ್ದು ಹೋದರೆ ಆ ಮನೆಗೆ ಅವಮಾನ ಮಾಡಿದ ಹಾಗೆ. ಮನೆಯವರು ಮಾವನ ಎದುರು ತಟ್ಟೆ ಇಟ್ಟರು. ಮಾವ ಕೈ ಮುಗಿದರು. ಗಡಿ ಹಿಡಿದವರೆಂದು ಎಲ್ಲರಿಗೂ ಗೊತ್ತು, ಆದರೂ ತಟ್ಟೆ ಅಲ್ಲೇ ಇತ್ತು. ಮನೆಯವನು ಅದನ್ನೇ ನೋಡುತ್ತಿದ್ದ.

ರಾಯರು ನನ್ನ ಪಕ್ಕೆಗೆ ತಿವಿದರು. "ಕುಡಿ ಮಾರಾಯ."

ನಾನು ಕುಡಿದೆ. ಎಲ್ಲರಿಗೂ ಉಸಿರು ಬಂತು. ಅಲ್ಲಿಂದ ಅದೇ ನನ್ನ ಕೆಲಸವಾಯಿತು. ಮಾವ ಕೈ ಮುಗಿಯುವುದು, ರಾಯರು ಮಾತಾಡುವುದು, ನಾನು ಕುಡಿಯುವುದು. ಮಧ್ಯಾಹ್ನದ ಹೊತ್ತಿಗೆ ನಡೆದರೆ ಹೊಟ್ಟೆಯೊಳಗೆ ಕೊಡ ತುಳುಕಿದ ಹಾಗೆ ಸದ್ದು. ಪ್ರತಿ ಗುಡ್ಡದ ಮರೆಯಲ್ಲಿ ಜೀಪು ನಿಲ್ಲಿಸಬೇಕಾಗುತ್ತಿತ್ತು.

"ಬೊಂಡ ಆಗಬಹುದಲ್ಲ?" ಎಂದು ರಾಯರು ಎರಡನೆಯ ದಿನ ಮಾವನನ್ನು ಕೇಳಿದರು. "ಎಳನೀರಿಗೆ ಯಾರ ಕೈಯೂ ತಾಗಿರುವುದಿಲ್ಲ. ದೇವರೇ ತುಂಬಿಸಿದ್ದು."

"ಬೇರೆಯವರ ಅಂಗಳದಲ್ಲಿ ಬಾಯಿಗೆ ಏನೂ ಹಾಕುವ ಹಾಗಿಲ್ಲ ರಾಯರೇ. ಕಟ್ಟು ಕಟ್ಟೇ."

"ದೊಡ್ಡ ಕಷ್ಟ ಮಾರಾಯ್ರೆ. ಎದುರು ಪಕ್ಷದವರು ಊರಿಡೀ ಹೇಳ್ತಾ ಇದ್ದಾರೆ, ನಿಮ್ಮ ಮನೆಯ ನೀರು ಅವರ ಗಂಟಲಿಗೆ ಇಳಿಯೂದಿಲ್ಲ, ನಿಮ್ಮ ಓಟು ಮಾತ್ರ ಇಳಿತದಾ ಅಂತ."

ಮಾವ ಜೀಪಿನ ಗಾಜಿನಲ್ಲಿ ಧೂಳು ನೋಡುತ್ತಾ ಕೂತರು.

ಆ ವಾರವೇ ಬೆಳ್ತಂಗಡಿ ಕಡೆಯ ಒಂದು ಗುಡ್ಡಕ್ಕೆ ಹೋದೆವು. ಮೇಲೆ ಹರಿಜನರ ಆರೇಳು ಗುಡಿಸಲು. ಜೀಪು ಅಲ್ಲಿಗೆ ಏರುವುದಿಲ್ಲ. ಮಾವ ಕೆಳಗೆ ಉಳಿದರು. ರಾಯರೂ ನಾನೂ ಕಲ್ಲು ದಾರಿಯಲ್ಲಿ ಹತ್ತಿದೆವು. ರಾಯರು ನಿಂತಲ್ಲೇ ಏದುಸಿರಿನಲ್ಲಿ ಭಾಷಣ ಮಾಡಿದರು. ಆ ಜನ ದೂರ ನಿಂತು ಕೇಳಿದರು. ಅಲ್ಲಿ ಮಾತ್ರ ಯಾರೂ ನೀರು ತರಲಿಲ್ಲ. ತರುವುದೆಂದು ಅವರಿಗೆ ಹೊಳೆದಿರಲೇ ಇಲ್ಲ. ನನಗೆ ಬಿಸಿಲಿನಲ್ಲಿ ಹತ್ತಿ ನಾಲಿಗೆ ಒಣಗಿತ್ತು.

"ಸ್ವಲ್ಪ ನೀರು ಕೊಡಿ," ಎಂದೆ.

ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮುದುಕ, "ನಮ್ಮದಾ?" ಎಂದು ಕೇಳಿದ.

"ಮತ್ತೆ ಯಾರದ್ದು? ಇಲ್ಲಿ ಬೇರೆ ಯಾರ ಮನೆ ಉಂಟು?"

ಮಣ್ಣಿನ ಗಡಿಗೆಯ ನೀರು ತಂದುಕೊಟ್ಟರು. ಕೊಡುವವ ನನ್ನನ್ನು ಮುಟ್ಟದ ಹಾಗೆ ದೂರದಿಂದ ಸುರಿದ, ಅರ್ಧ ನನ್ನ ಅಂಗಿಯ ಮೇಲೆ ಚೆಲ್ಲಿತು. ನಾನು ಇನ್ನೊಮ್ಮೆ ಕೇಳಿ ಕುಡಿದೆ. ದೊಡ್ಡ ಉದ್ದೇಶ ಏನೂ ಇರಲಿಲ್ಲ. ಬಾಯಿ ಒಣಗಿತ್ತು, ಅಷ್ಟೆ. ಕೆಳಗೆ ಬಂದಾಗ ಮಾವ ನನ್ನ ಒದ್ದೆ ಅಂಗಿ ನೋಡಿ ಮುಖ ಆಚೆ ತಿರುಗಿಸಿದರು. ಬೈಯಲಿಲ್ಲ.

ಇಷ್ಟರಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಮೂಡುಬಿದಿರೆಯ ಸಂತೆಯಲ್ಲಿ ಮೆಣಸು ಮಾರುವವಳೊಬ್ಬಳು, ನಾನು ಕೇಳದೆ, ಒಂದು ಹಿಡಿ ಮೆಣಸು ಜಾಸ್ತಿ ಹಾಕಿದಳು. "ನಮ್ಮ ಮನೆಯವರೆಲ್ಲ ನಿಮಗೇ," ಎಂದಳು. ಮಾವನಿಗೆ ಎಂದು ಹೇಳುತ್ತಿದ್ದಾಳೆ ಎಂದುಕೊಂಡು ತಲೆ ಆಡಿಸಿ ಬಂದೆ.

ಕೊನೆಗೆ ಅಣ್ಣು ಪೂಜಾರಿಯ ಮನೆಗೆ ಹೋದೆವು. ಅವನು ನಮ್ಮ ಒಕ್ಕಲು. ನಮ್ಮ ಗದ್ದೆ ಗೇಣಿಗೆ ಮಾಡುತ್ತಾನೆ, ಸಂಜೆಗೆ ಶೇಂದಿ ಇಳಿಸುತ್ತಾನೆ. ನಮ್ಮ ಒಕ್ಕಲಾದ್ದರಿಂದ ಅವನ ಓಟು ಬಂದೇ ಬರುತ್ತದೆ ಎಂದು ಆ ಮನೆಯನ್ನು ಕೊನೆಗೆ ಇಟ್ಟಿದ್ದರು. ಅಣ್ಣುವಿನ ತಾಯಿ ಅಕ್ಕು ತಟ್ಟೆ ತಂದು ಮಾವನ ಎದುರು ಇಟ್ಟಳು. ರೂಢಿಯಾಗಿತ್ತಲ್ಲ, ನಾನು ಕೈ ಮುಂದೆ ಮಾಡಿದೆ.

"ನೀವು ಇರಿ ಸಣ್ಣ ಧಣಿ," ಎಂದಳು ಅಕ್ಕು. "ನಿಮಗೆ ಬೇರೆ ತರ್ತೇನೆ. ಇದು ಓಟು ಕೇಳ್ಲಿಕ್ಕೆ ಬಂದವರಿಗೆ."

"ಅಮ್ಮಾ, ಸುಮ್ನಿರು," ಎಂದ ಅಣ್ಣು.

ರಾಯರು ನಡುವೆ ಬಂದರು. "ಅವರು ಗಡಿ ಹಿಡಿದವರಲ್ವಾ ಅಕ್ಕು, ನಿನಗೆ ಗೊತ್ತಿಲ್ಲದ್ದಾ? ಗೆದ್ದ ಮೇಲೆ ಇದೆಲ್ಲ ಇರೂದಿಲ್ಲ. ಗಡಿ ಬಿಟ್ಟು ಬೆಂಗಳೂರಿಗೆ ಹೋದ ಮೇಲೆ ಅವರೂ ಎಲ್ಲರ ಹಾಗೆ."

"ಅಂದ್ರೆ ಅಲ್ಲಿ ಹೋಟೆಲಿನ ನೀರು ಕುಡೀತಾರೆ?"

"ಹೌದಲ್ಲ. ಮತ್ತೆ?"

"ಗೆಲ್ಲಿಸಿದವರ ನೀರು ಮಾತ್ರ ಆಗೂದಿಲ್ಲ," ಎಂದಳು ಅಕ್ಕು.

ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆ ಮೋಡ ಆದೀತು ಎನ್ನುವ ಹಾಗೆ ಹೇಳಿದಳು. ಆ ಮುದುಕಿ ಮಾವನನ್ನು ಸಣ್ಣವರಿದ್ದಾಗ ಎತ್ತಿಕೊಂಡವಳು. ಮಾವ ತಟ್ಟೆಯನ್ನು ನೋಡಿದರು. ಬೆಲ್ಲಕ್ಕೆ ಇರುವೆ ಹತ್ತುತ್ತಿತ್ತು. ಅವರ ಕೈ ತೊಡೆಯ ಮೇಲಿನಿಂದ ಒಮ್ಮೆ ಎದ್ದಿತು. ಈಗ ತೆಗೆದುಕೊಳ್ಳುತ್ತಾರೆ ಎಂದೇ ನಾನು ಎಣಿಸಿದೆ. ಆ ಕೈ ಹೋಗಿ ಹೆಗಲಿನ ಶಾಲು ಸರಿ ಮಾಡಿತು.

"ಹೋಗುವ," ಎಂದರು ಮಾವ.

ಮರುದಿನ ಬೆಳಿಗ್ಗೆ ರಾಯರು ಬಂದಾಗ ಮಾವ ಕೂರಲೂ ಹೇಳದೆ, "ಬೇಡ ರಾಯರೇ. ನಾನು ನಿಲ್ಲುವುದಿಲ್ಲ," ಎಂದರು.

"ಇಷ್ಟು ಸುತ್ತಿ ಈಗ ಬೇಡ ಅಂದರೆ ಹೇಗೆ? ಒಂದು ಮುದುಕಿಯ ಮಾತಿಗೆ?"

"ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಮನೆಗೆ ಹೋಗಿ ಕೇಳುವವನಿಗೆ ಉತ್ತರ ಬೇಕು."

ನನಗೆ ಕುಣಿಯಬೇಕು ಅನ್ನಿಸಿತು. ಗಡಿ ತಪ್ಪಿತು, ಏನಿಲ್ಲೆಂದರೂ ಮಾವ ಇರುವವರೆಗೆ. ಕೋಣ ಬಿಚ್ಚಲು ಹೊರಟವನನ್ನು ರಾಯರು ತಡೆದರು.

"ನಿಲ್ಲು ಮಾರಾಯ. ಯಜಮಾನರೇ, ಒಂದು ಮಾತು ಹೇಳ್ತೇನೆ, ಬೇಸರ ಮಾಡಬಾರದು. ನಾನು ಎಲ್ಲ ಕಡೆ ವಿಚಾರಿಸಿದ್ದೇನೆ. ಚುನಾವಣೆಗೆ ನಿಲ್ಲುವುದು ಇವನೇ ಅಂತ ಜನ ತಿಳಿದಿದ್ದಾರೆ."

"ಇವನಾ?"

"ನೀರು ಕುಡಿದದ್ದು ಇವನಲ್ವಾ? ಕೇಳುವವನೇ ಕುಡಿಯುವುದು ಅಂತ ಅವರ ಲೆಕ್ಕ. ನೀವು ಅಳಿಯನನ್ನು ನಿಲ್ಲಿಸಲಿಕ್ಕೆ ಜೊತೆಗೆ ಬಂದ ಹಿರಿಯರು ಅಂತ ಎಣಿಸಿದ್ದಾರೆ. ಆ ಗುಡ್ಡದ ಮೇಲಿನ ಸುದ್ದಿಯೂ ಊರಿಡೀ ಹಬ್ಬಿದೆ." ಆಮೇಲೆ ನನ್ನ ಕಡೆ ತಿರುಗಿ, "ಓದು ಎಷ್ಟು?"

"ನಾಲ್ಕನೇ ಕ್ಲಾಸು. ಅದೂ ಪೂರ್ತಿ ಇಲ್ಲ."

"ಸಹಿ ಹಾಕ್ಲಿಕ್ಕೆ ಬರ್ತದಲ್ಲ?"

"ಬರ್ತದೆ."

"ಸಾಕು. ನಾಳೆ ಮಧ್ಯಾಹ್ನದ ಒಳಗೆ ಹೇಳು."

ಮಾವನ ಮುಖದಲ್ಲಿ ಏನೂ ಕಾಣಲಿಲ್ಲ. ಇಷ್ಟು ದಿನ ಕೈ ಮುಗಿದವರು ಅವರು. ಆದರೂ ಅವರು ಹೇಳಿದ್ದು ಇಷ್ಟೆ: "ಅವನನ್ನು ಕೇಳಿ. ಅವನ ಬಾಯಿ ಅವನದ್ದು."

ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಬೆಂಗಳೂರು ನೋಡುವ ಆಸೆ ಅಲ್ಲ. ನಾನು ಊರು ಬಿಟ್ಟರೆ ಗಡಿಗೆ ಇನ್ನೊಬ್ಬನನ್ನು ಹುಡುಕಬೇಕಾಗುತ್ತದೆ, ದೊಡ್ಡಮ್ಮನ ಮಗಳ ಮಗನೋ, ಕುಟುಂಬದ ದೂರದ ಕವಲಿನ ಯಾರೋ. ನಾನು ಪಾರು. ನಾಲ್ಕನೇ ಕ್ಲಾಸಿನವನಿಗೆ ಇಷ್ಟು ದೊಡ್ಡ ಬಾಗಿಲು ಮತ್ತೆ ತೆರೆಯುವುದಿಲ್ಲ. ಅಜ್ಜಿಗೆ ಹೇಳಿದೆ.

"ನಿಲ್ಲು ಮಗಾ, ನಾನು ಬೇಡ ಹೇಳೂದಿಲ್ಲ," ಎಂದರು ಅಜ್ಜಿ, ಹುರುಳಿ ಆರಿಸುವುದನ್ನು ನಿಲ್ಲಿಸದೆ. "ಆದ್ರೆ ನೀರು ಕೊಟ್ಟವರನ್ನು ಒಮ್ಮೆ ಕೇಳಿ ನೋಡು. ಪುಕ್ಕಟೆ ಕೊಟ್ಟದ್ದಾ, ಅಲ್ಲ ಅವರಿಗೂ ಏನಾದ್ರೂ ಬೇಕಿತ್ತಾ ಅಂತ."

ಬಿಸಿಲು ಇಳಿಯುವ ಹೊತ್ತಿಗೆ ಅಣ್ಣುವಿನ ಮನೆಗೆ ಹೋದೆ. ಅವನು ಶೇಂದಿಗೆ ಬೈನೆ ಮರ ಹತ್ತಿದ್ದ. ನನ್ನನ್ನು ನೋಡಿ ಇಳಿದು ಬಂದು, ಸೊಂಟದ ಕತ್ತಿ ಬಿಚ್ಚಿ ಕಟ್ಟೆಯ ಮೇಲೆ ಇಟ್ಟ.

"ಸಣ್ಣ ಧಣಿ ಚುನಾವಣೆಗೆ ನಿಲ್ತಾರಂತೆ," ಎಂದ ನಗುತ್ತ. "ನಮ್ಮ ಕಡೆ ಬೆಳಿಗ್ಗೆಯಿಂದ ಅದೇ ಮಾತು."

"ಇನ್ನೂ ಹೂಂ ಹೇಳಲಿಲ್ಲ. ನೀನು ಏನು ಹೇಳ್ತಿ ಅಣ್ಣು?"

"ಓಟು ಹಾಕ್ತೇವೆ. ಈ ಗುಡ್ಡೆಯ ಅಷ್ಟೂ ಮನೆ ಹಾಕ್ತದೆ. ಒಂದು ಕೇಳ್ಬಹುದಾ?"

"ಕೇಳು."

"ಉಳುವವನಿಗೇ ಗದ್ದೆ ಅಂತ ಕಾನೂನು ಬರ್ತದಂತೆ. ಇವತ್ತಲ್ಲದಿದ್ರೆ ನಾಳೆ. ಅಲ್ಲಿ ಬೆಂಗಳೂರಲ್ಲಿ ಅದಕ್ಕೆ ಕೈ ಎತ್ಬೇಕಂತೆ. ನೀವು ಎತ್ತುತ್ತೀರಾ?"

ನಾವು ಕೂತ ಕಟ್ಟೆಯ ಕೆಳಗೇ ಗದ್ದೆ. ನಮ್ಮ ಗದ್ದೆ. ಅಣ್ಣುವಿನ ಅಪ್ಪ ಉತ್ತದ್ದು, ಅಣ್ಣು ಉಳುವುದು. ಆ ಗದ್ದೆಯ ಅಕ್ಕಿಯಲ್ಲಿ ನಮ್ಮ ಅಜ್ಜಿ, ಅಮ್ಮ, ತಂಗಿ ಉಣ್ಣುವುದು. ನಾನೂ ಉಳುವವನೇ. ಒಂದು ಗದ್ದೆಯನ್ನು ಹಸನು ಮಾಡಲು ಎಷ್ಟು ಬೆನ್ನು ಮುರಿಯುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಣ್ಣು ಕೇಳಿದ್ದು ಸರಿ. ಸರಿ ಎಂದು ಗೊತ್ತಿದ್ದೂ ಹೂಂ ಎನ್ನಲು ನಾಲಿಗೆ ಹೊರಳಲಿಲ್ಲ. ರಾಯರಾಗಿದ್ದರೆ ಏನಾದರೂ ಹೇಳುತ್ತಿದ್ದರು.

"ಎತ್ತಿದ್ರೆ ಅಜ್ಜಿಯ ಮುಖ ನೋಡ್ಲಿಕ್ಕೆ ಆಗೂದಿಲ್ಲ ಅಣ್ಣು. ಎತ್ತದಿದ್ರೆ ನಿನ್ನ ಮುಖ ನೋಡ್ಲಿಕ್ಕೆ ಆಗೂದಿಲ್ಲ."

ಅಣ್ಣು ಕಟ್ಟೆಯ ಮೇಲಿನ ಕತ್ತಿ ತೆಗೆದು ಸೊಂಟಕ್ಕೆ ಕಟ್ಟಿಕೊಂಡ.

"ಹಾಗಾದ್ರೆ ನಿಲ್ಲಬೇಡಿ," ಎಂದ. "ನಾವು ಹೂಂ ಹೇಳುವವನನ್ನು ಹುಡುಕ್ತೇವೆ. ಸ್ವಲ್ಪ ತಡ ಆದೀತು. ನೀವು ಮೊದಲಿನ ಹಾಗೆ ಬರ್ತಾ ಇರಿ. ಅಮ್ಮ ನೀರು ಕೊಡ್ತಾಳೆ."

ಅಕ್ಕು ತಂದುಕೊಟ್ಟಳು. ಕುಡಿದೆ. ಆ ಚುನಾವಣೆಯಲ್ಲಿ ನಾನು ನನ್ನ ಸ್ವಂತ ಲೆಕ್ಕಕ್ಕೆ ಕುಡಿದ ಬೆಲ್ಲ ನೀರು ಅದೊಂದೇ ಇರಬೇಕು.

ಮರುದಿನ ರಾಯರಿಗೆ ಆಗುವುದಿಲ್ಲ ಎಂದು ಹೇಳಿದೆ. ಅವರು ಮಂಗಳೂರಿನಿಂದ ಯಾರನ್ನೋ ತಂದು ನಿಲ್ಲಿಸಿದರು, ಜೀಪು ಆಮೇಲೆ ನಮ್ಮ ಅಂಗಳಕ್ಕೆ ಬರಲಿಲ್ಲ. ಆದರೆ ರಾಯರಿಗಿಂತ ಮೊದಲು ಮಾವನಿಗೆ ಹೇಳಿದ್ದೆ. ಅಣ್ಣುವಿನ ಮನೆಯಿಂದ ಬಂದ ಆ ಸಂಜೆ ಮಾವ ಚಾವಡಿಯಲ್ಲಿ ಒಬ್ಬರೇ ಕೂತಿದ್ದರು.

"ಏನು ಮಾಡಿದಿ?"

"ನಿಲ್ಲುವುದಿಲ್ಲ." ಅಣ್ಣು ಕೇಳಿದ್ದನ್ನು ಹೇಳಿದೆ. ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

"ನನ್ನ ಹತ್ತಿರ ಅವ ಇದನ್ನು ಕೇಳಲಿಲ್ಲ," ಎಂದರು ಮಾವ.

"ನೀವು ಎತ್ತುವುದಿಲ್ಲ ಅಂತ ಅವನಿಗೆ ಗೊತ್ತುಂಟು. ಗೊತ್ತಿದ್ದದ್ದನ್ನು ಯಾರು ಕೇಳ್ತಾರೆ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ನನ್ನನ್ನು ಹೊರಗೆ ಹಾಕುತ್ತಿದ್ದರು. ಅಂದು ಅಂಗಳದ ಕಡೆ ತಿರುಗಿದರು. ಅಂಗಳದಲ್ಲಿ ಹುಲ್ಲಿನ ಮೆದೆಯ ನೆರಳು ಉದ್ದವಾಗುತ್ತಿತ್ತು.

"ಹಾಗಾದರೆ ಇಲ್ಲೇ ಇರ್ತಿ," ಎಂದರು. "ಒಳ್ಳೆಯದಾಯಿತು. ನನ್ನ ನಂತರ ಗಡಿಗೆ ನೀನು ಕೂರಬೇಕಲ್ಲ."

"ಇಲ್ಲ ಮಾವ. ಕೂರುವುದಿಲ್ಲ."

ಆ ಚಾವಡಿಯಲ್ಲಿ ಮಾವನಿಗೆ ಯಾರೂ ಇಲ್ಲ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಒಳಗೆ ಅಜ್ಜಿಯ ಹುರುಳಿ ಮೊರದ ಸದ್ದು ನಿಂತಿತು.

"ಯಾಕೆ?"

ಮೀನು, ಕೋಳಿ ಅಂಕ, ಕೋಣ, ಬಂಟ್ವಾಳದ ಹೋಟೆಲು, ಎಲ್ಲ ಕಾರಣವೂ ತಲೆಯಲ್ಲಿತ್ತು. ಬಾಯಿಗೆ ಬಂದದ್ದು ಬೇರೆ.

"ಬಾಯಾರಿಕೆ ಆಗ್ತದೆ ಮಾವ."

ಮಾವ ನನ್ನನ್ನು ನೋಡಿದರು. ತಮಾಷೆ ಮಾಡುತ್ತಿದ್ದೇನಾ ಎಂದು ನೋಡಿದರೋ ಏನೋ. ಆಮೇಲೆ ತಲೆಯ ಮುಂಡಾಸು ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹೌದು," ಎಂದರು. "ಆಗ್ತದೆ."